ಮನೆಯಾಕೆಯ ತಾಟು ಯಾವ ಪಂಕ್ತಿಯಲ್ಲಿ?

ನಾಲ್ಕು ಮಂದಿಯನ್ನು ಮನೆಗೆ ಕರೆದು ಉಣಬಡಿಸುವುದು ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ಸೀಮೆಗಳಲ್ಲಿ ಇಂದಿಗೂ ಕುಟುಂಬದ ಮರ್ಯಾದೆಯ ವಿಷಯವಾಗಿದೆ. ಮದುವೆಯ ತರುವಾಯ ಸಂಬಂಧಿಕರನ್ನು ಕರೆಯುವ ಬೀಗರ ಊಟ, ದ್ಯಾಮವ್ವನ ಜಾತ್ರೆಗೆ ಬಂದಿಳಿಯುವ ನೆಂಟರ ಊಟ, ಶ್ರಾವಣದಲ್ಲಿ ಜಂಗಮರಿಗೂ ಮುತ್ತೈದೆಯರಿಗೂ ಬಡಿಸುವ ಊಟ, ಮುಸಲ್ಮಾನರ ಮನೆಗಳ ದಾವತ್ತು ಇವೆಲ್ಲ ಹಳೆಯವು. ಹೊಸ ಮನೆ ಕಟ್ಟಿಸಿದ್ದಕ್ಕೆ, ಮಗಳಿಗೆ ನೌಕರಿ ಸಿಕ್ಕಿದ್ದಕ್ಕೆ, ಊರಿಗೆ ಬಂದ ಕಾಲೇಜು ಗೆಳೆಯರಿಗೆಂದು ಇಟ್ಟುಕೊಳ್ಳುವ ರಾತ್ರಿಯೂಟ ಈಚಿನದು. ಸಂದರ್ಭ ಯಾವುದಾದರೂ, ಕರೆದವರಿಗೂ ಬಂದವರಿಗೂ ಸಿಗುವ ಸಂತೋಷ ಅಡುಗೆ ಮಾಡಿದವರಿಗೆ ಅದೇ ಪ್ರಮಾಣದಲ್ಲಿ ಸಿಗುತ್ತದೆಯೇ ಎಂಬ ಪ್ರಶ್ನೆಯನ್ನು ಈ ಸೀಮೆ ಇನ್ನೂ ನೇರವಾಗಿ ಎದುರಿಸಿಲ್ಲ.

ಅತಿಥಿ ಭೋಜನದ ಕುರಿತು ಬರೆದವರಿಗೆ ಕನ್ನಡ ನೆಲದಲ್ಲಿ ಕೊರತೆಯೇನೂ ಇಲ್ಲ. ಪಾನುಂಗಲ್ಲು 500 ಎಂಬ ಹೆಸರಿನ ನಾಡಾಗಿ ಹಾನಗಲ್ಲು ಸೇರಿದ್ದ ಕಲ್ಯಾಣ ಚಾಲುಕ್ಯ ರಾಜ್ಯದ ದೊರೆ ಮೂರನೆಯ ಸೋಮೇಶ್ವರನು 12ನೇ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ 'ಮಾನಸೋಲ್ಲಾಸ'ದಲ್ಲಿ ಅರಸನ ಸುಖಗಳ ಸಾಲಿನಲ್ಲಿ ಅನ್ನಭೋಗ, ಅಂದರೆ ಊಟದ ಸುಖ, ಒಂದು ಪ್ರತ್ಯೇಕ ಪ್ರಕರಣವಾಗಿಯೇ ಬರುತ್ತದೆ. ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಭಾಮಿನಿ ಷಟ್ಪದಿಯಲ್ಲಿ ಬರೆದ 'ರಾಮಧಾನ್ಯ ಚರಿತ್ರೆ'ಯ ಕಥೆಯಂತೂ ಹುಟ್ಟುವುದೇ ಒಂದು ಔತಣದಿಂದ. ಲಂಕೆಯಿಂದ ಮರಳುವ ರಾಮನಿಗೆ ಋಷಿಗಳು ಬಗೆಬಗೆಯ ಧಾನ್ಯಗಳ ಅಡುಗೆ ಬಡಿಸಿದಾಗ ಅವುಗಳಲ್ಲಿ ಯಾವುದು ಶ್ರೇಷ್ಠ ಎಂಬ ಮಾತೆದ್ದು, ಭತ್ತ ಮತ್ತು ರಾಗಿಗಳ ನಡುವೆ ಜಗಳ ಬೆಳೆದು, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ ಬಳಿಕ ಸತ್ವ ಉಳಿಸಿಕೊಂಡ ರಾಗಿಗೆ ಗೆಲುವು ಸಿಗುತ್ತದೆ. ಯಾರ ಎಲೆಗೆ ಯಾವ ಧಾನ್ಯ ಬೀಳುತ್ತದೆ ಎಂಬುದರ ಹಿಂದೆ ಮೇಲುಕೀಳಿನ ಲೆಕ್ಕವಿರುತ್ತದೆ ಎಂಬುದನ್ನು ಕನಕದಾಸರು ಇಲ್ಲಿ ಬಯಲಿಗಿಟ್ಟರು. ಧಾನ್ಯದ ಲೆಕ್ಕವನ್ನು ಹೀಗೆ ಪ್ರಶ್ನಿಸಿದ ಸೀಮೆಯಲ್ಲಿ ಬಡಿಸುವ ಕೈಗಳ ಲೆಕ್ಕ ಮಾತ್ರ ಹಾಗೆಯೇ ಉಳಿದುಕೊಂಡಿದೆ.

ಈ ಲೆಕ್ಕದ ಒಂದು ಮೂಲ ಜೋಳದ ಹಿಟ್ಟಿನಲ್ಲಿಯೇ ಇದೆ. ಗೋಧಿಯ ಕಣಕಕ್ಕೆ ಎಳೆತವನ್ನು ಕೊಡುವ ಗ್ಲುಟೆನ್ ಎಂಬ ಪ್ರೋಟೀನು ಜೋಳದಲ್ಲಿ ಇಲ್ಲವಾದ್ದರಿಂದ, ಕುದಿಯುವ ಎಸರು ಹೊಯ್ದು ಹಿಟ್ಟಿಗೆ ಜಿಗಿ ಬರಿಸಿ, ಅಂಗೈಯಿಂದ ಬಲವಾಗಿ ನಾದಿ, ಉಂಡೆ ಕಟ್ಟಿ, ಒಂದೊಂದನ್ನೇ ತಟ್ಟಿ ತಿರುಗಿಸುತ್ತ ಅಗಲ ಮಾಡಬೇಕಾಗುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುವಷ್ಟರಲ್ಲಿ ಮಗುಚಿ, ಕೊನೆಗೆ ಬೆಂಕಿಗೆ ಹಿಡಿದು ಉಬ್ಬಿಸಬೇಕು. ತುಸು ತಡವಾದರೆ ರೊಟ್ಟಿ ಸೀಳುತ್ತದೆ, ಉಬ್ಬುವುದಿಲ್ಲ. ಅನ್ನ, ಸಾರು, ಹೋಳಿಗೆ, ಎಣ್ಣೆಗಾಯಿ ಪಲ್ಯ, ಕಾಳುಪಲ್ಯ ಇವೆಲ್ಲವನ್ನೂ ಅತಿಥಿಗಳು ಬರುವ ಮೊದಲೇ ಮಾಡಿಡಬಹುದು, ಆದರೆ ಬಿಸಿ ರೊಟ್ಟಿಯನ್ನು ಉಣ್ಣುವವರು ಕುಳಿತ ಮೇಲೆಯೇ ಬಡಿಯಬೇಕು. ಹೀಗಾಗಿ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿರುವಷ್ಟು ಹೊತ್ತೂ ಆತಿಥ್ಯ ಸೊಗಸಾಗಿ ನಡೆದಿದೆ ಎಂದೇ ಅರ್ಥ, ಮನೆಯಾಕೆ ಆ ಆತಿಥ್ಯದಿಂದ ಹೊರಗಿದ್ದಾಳೆ ಎಂಬುದೂ ಅದೇ ಸಪ್ಪಳದ ಅರ್ಥ. ಗಂಡಸರ ಪಂಕ್ತಿ ಎದ್ದು, ಮಕ್ಕಳ ಪಂಕ್ತಿ ಎದ್ದು, ಬಂದ ಹೆಣ್ಣುಮಕ್ಕಳು ಉಂಡು, ಅವಳು ತಾಟು ಹಚ್ಚಿಕೊಳ್ಳುವ ಹೊತ್ತಿಗೆ ಪಲ್ಯದ ಪಾತ್ರೆಯ ತಳ ಕಾಣುತ್ತಿರುತ್ತದೆ, ಮಾತಿನ ರಂಗೇರಿದ್ದ ಪಡಸಾಲೆಯಲ್ಲಿ ಎಲೆ ಅಡಿಕೆ ಮುಗಿದು ನೆಂಟರು ಚಪ್ಪಲಿ ಹುಡುಕುತ್ತಿರುತ್ತಾರೆ.

ಕಿರಿಕಿರಿಗಳು ಇಷ್ಟಕ್ಕೇ ಮುಗಿಯುವುದಿಲ್ಲ. 10 ಮಂದಿ ಬರುತ್ತಾರೆಂದು ಹೇಳಿದ ಕಡೆ 16 ಮಂದಿ ಬಂದಾಗ ಸಾರಿಗೆ ನೀರು ಬೆರೆಸಬೇಕಾಗುತ್ತದೆ, 16 ಮಂದಿಗೆ ಸಿದ್ಧವಾದ ಕಡೆ ಆರು ಮಂದಿ ಬಂದಾಗ ಉಳಿದ ಹೂರಣ ಮನೆಯವರ ಮೂರು ದಿನದ ಊಟವಾಗುತ್ತದೆ. ಸಕ್ಕರೆ ಕಾಯಿಲೆಯವರು ಹೋಳಿಗೆಯನ್ನು ದೂರ ಸರಿಸುತ್ತಾರೆ, ಸೋಮವಾರದ ಒಪ್ಪತ್ತಿನವರು ಬರಿ ಹಾಲು ಕೇಳುತ್ತಾರೆ. ಇದೆಲ್ಲದರ ಮೇಲೆ ಉಪಚಾರ, ಅಂದರೆ ಬೇಡವೆಂದವರಿಗೂ ಒತ್ತಾಯಪಡಿಸಿ ಬಡಿಸುವ ಈ ಭಾಗದ ರೂಢಿ, ತನ್ನದೇ ಆದ ಒಂದು ಪೇಚನ್ನು ತಂದಿಡುತ್ತದೆ. "ಇನ್ನೊಂದರ್ಧ ರೊಟ್ಟಿ ಹಾಕಿಸ್ಕೋರಿ, ನಮ್ಮ ಮನೀದು ಸೇರಲಿಲ್ಲೇನು?" ಎಂಬ ಮಾತಿಗೆ ಒಲ್ಲೆ ಎಂದರೆ ಮನೆಯವರಿಗೆ ಬೇಸರ, ಒಪ್ಪಿದರೆ ಉಂಡವರಿಗೆ ಸಂಕಟ, ಬಿಟ್ಟೆದ್ದರೆ ಅನ್ನಕ್ಕೆ ಅವಮಾನ. ಆದರೂ ಈ ಒತ್ತಾಯವನ್ನು ಬರಿಯ ತೋರಿಕೆ ಎಂದು ತಳ್ಳಿಹಾಕುವುದು ಸರಿಯಾಗದು, ಏಕೆಂದರೆ ಮಳೆಯನ್ನೇ ನಂಬಿದ ಸೀಮೆಯಲ್ಲಿ ಕಣಜ ಬರಿದಾಗಿರಬಹುದೆಂಬ ಸಂಕೋಚದಿಂದ ಅತಿಥಿ ಅರೆಹೊಟ್ಟೆಯಲ್ಲಿ ಏಳದಿರಲಿ ಎಂಬ ಕಾಳಜಿಯೂ ಅದರಲ್ಲಿ ಅಡಗಿದೆ.

ಸಂತೋಷದ ಪಾಲೂ ಅಷ್ಟೇ ನಿಜವಾದದ್ದು. ಎಷ್ಟೋ ದಿನ ಮಾತು ಬಿಟ್ಟ ದಾಯಾದಿಗಳು ಒಂದೇ ಸಾಲಿನಲ್ಲಿ ಕುಳಿತು ಶೇಂಗಾ ಚಟ್ನಿಯ ಬಟ್ಟಲನ್ನು ಒಬ್ಬರಿಂದೊಬ್ಬರಿಗೆ ದಾಟಿಸುವಾಗ ಪಂಚಾಯಿತಿಗೆ ಬಗೆಹರಿಯದ ವಿಷಯ ಸಡಿಲವಾಗುತ್ತದೆ. ನವಾಬರ ಸಂಸ್ಥಾನವಾಗಿದ್ದ ಸವಣೂರಿನಲ್ಲಿ ದಸ್ತರಖಾನ, ಅಂದರೆ ನೆಲದ ಮೇಲೆ ಹಾಸಿ ಅದರ ಸುತ್ತ ಎಲ್ಲರೂ ಕುಳಿತು ಉಣ್ಣುವ ಬಟ್ಟೆ, ಮತ್ತು ಲಿಂಗಾಯತರ ಹಾಗೂ ಬ್ರಾಹ್ಮಣರ ಮನೆಗಳ ಪಂಕ್ತಿ ಒಂದೇ ಊರಿನಲ್ಲಿ ಬೆಳೆದವು. ಊಟದ ಬಗೆ ಬೇರೆಯಾದರೂ ಅದು ಮುಗಿದ ಮೇಲೆ ಎಲ್ಲರ ಮುಂದೆ ಬರುವುದು ಆ ಊರಿನ ಹೆಸರುವಾಸಿ ವೀಳ್ಯದೆಲೆಯೇ. ಮರುದಿನ ಬೆಳಗ್ಗೆ ನೆಂಟರ ಚೀಲಕ್ಕೆ ಸೇರುವ ಖಾರದ, ಅಂದರೆ ಕುರುಕಲು ತಿಂಡಿಯ, ಪೊಟ್ಟಣಕ್ಕೂ ಜಾತಿಯ ಗುರುತಿಲ್ಲ.

ಸಂತೋಷವನ್ನು ಉಳಿಸಿಕೊಂಡು ದಣಿವನ್ನು ಹಂಚಿಕೊಳ್ಳುವ ದಾರಿಯೂ ಈ ಸೀಮೆಯ ರೂಢಿಯಲ್ಲಿಯೇ ಇದೆ. ಸೀಗಿ ಹುಣ್ಣಿಮೆಗೂ ಎಳ್ಳು ಅಮಾವಾಸ್ಯೆಗೂ ರೈತರು ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಚರಗವೆಂದರೆ ಮನೆಯಿಂದ ಬುಟ್ಟಿಯಲ್ಲಿ ಹೊತ್ತೊಯ್ದ ಅಡುಗೆಯನ್ನು ಮೊದಲು ಬೆಳೆಗೆ ಎರಚಿ, ಆಮೇಲೆ ಕರೆದವರೆಲ್ಲ ಕೂಡಿ ಉಣ್ಣುವ ಆಚರಣೆ. ಆ ದಿನ ಒಲೆ ಊರಲ್ಲಿಯೇ ಉಳಿಯುತ್ತದೆ. ಸಜ್ಜೆಯ ಮತ್ತು ಜೋಳದ ಖಡಕ್ ರೊಟ್ಟಿಗಳು, ಅಂದರೆ ತೇವವೆಲ್ಲ ಆರುವಂತೆ ಒಣಗಿಸಿ ಗರಿಗರಿಯಾಗಿ ಮಾಡಿದ, ವಾರಗಟ್ಟಲೆ ಕೆಡದ ರೊಟ್ಟಿಗಳು, ಹಲವು ದಿನ ಮುಂಚೆಯೇ ಅಕ್ಕಪಕ್ಕದವರು ಕೂಡಿ ಬಡಿದಿಟ್ಟವಾಗಿರುತ್ತವೆ. ಬಿಸಿಯಾಗಿ ಬಡಿಸಬೇಕಾದದ್ದು ಏನೂ ಇಲ್ಲದಿರುವುದರಿಂದ ಅಡುಗೆ ಮಾಡಿದವಳೂ ಬದುವಿನ ನೆರಳಿನಲ್ಲಿ ಉಳಿದವರ ಜೊತೆಗೇ ಕೂರುತ್ತಾಳೆ.

ಇಂದು ಪೇಟೆಗಳಲ್ಲಿ ಹೆಣ್ಣುಮಕ್ಕಳೇ ರೊಟ್ಟಿ ಬಡಿದು ಮಾರುವ ಉದ್ಯೋಗ ಬೆಳೆದಿರುವಾಗ, ಅತಿಥಿಗಳಿಗೆ ಕೊಂಡ ರೊಟ್ಟಿ ಬಡಿಸುವುದು ಮನೆತನಕ್ಕೆ ಕುಂದು ಎಂದು ಹಿರಿಯರು ಆಕ್ಷೇಪಿಸುವುದುಂಟು. ಮನೆಯವರ ಕೈರುಚಿಯೇ ಆತಿಥ್ಯದ ಜೀವ ಎಂಬ ಆ ಮಾತಿನಲ್ಲಿ ಸತ್ಯವಿದೆ, ಆದರೆ ಪಲ್ಯದಲ್ಲಿಯೂ ಚಟ್ನಿಯಲ್ಲಿಯೂ ಆ ಕೈರುಚಿಗೆ ಬೇಕಾದಷ್ಟು ಅವಕಾಶವಿದೆ. ಅಲ್ಲದೆ ಕೊಂಡ ರೊಟ್ಟಿ ಇನ್ನೊಬ್ಬ ಹೆಣ್ಣುಮಗಳ ದುಡಿಮೆಗೆ ಬೆಲೆ ಕಟ್ಟುತ್ತದೆ, ಮನೆಯಲ್ಲಿ ಬಡಿದ ರೊಟ್ಟಿಗೆ ಅಂಥ ಬೆಲೆಯನ್ನು ಯಾರೂ ಕಟ್ಟಿದ್ದಿಲ್ಲ.

ಗಂಡಸರಿಗೆ ಅಡುಗೆ ಬಾರದು ಎಂಬ ನೆಪವೂ ಇಲ್ಲಿ ನಿಲ್ಲುವುದಿಲ್ಲ. ಶರಣರು ಕಾಯಕದ ಫಲವನ್ನು ಸಮುದಾಯಕ್ಕೆ ಅರ್ಪಿಸುವುದನ್ನು ದಾಸೋಹವೆಂದು ಕರೆದರು. ಆ ಹೆಸರಿನಲ್ಲಿ ಮಠಗಳ ಜಾತ್ರೆಗಳಲ್ಲಿ ಇಂದಿಗೂ ಸಾವಿರಾರು ಜನರಿಗೆ ಊಟ ನಡೆಯುವಾಗ ಕೊಪ್ಪರಿಗೆಯಲ್ಲಿ ಗೋಧಿ ಹುಗ್ಗಿ ತೊಳಸುವವರೂ ಸೊಂಟಕ್ಕೆ ಟವೆಲ್ ಕಟ್ಟಿ ಬಡಿಸುವವರೂ ಬಹುಮಟ್ಟಿಗೆ ಗಂಡಸರೇ. ಮಠದ ಅಂಗಳದಲ್ಲಿ ಸೇವೆಯೆನಿಸಿದ ಕೆಲಸ ಸ್ವಂತ ಅಡುಗೆಮನೆಯ ಹೊಸ್ತಿಲು ದಾಟಿದೊಡನೆ ಹೆಣ್ಣಿನ ಪಾಲಾಗುವುದಕ್ಕೆ ರೂಢಿಯ ಹೊರತು ಬೇರೆ ಕಾರಣವಿಲ್ಲ. ಊಟಕ್ಕೆ ಬನ್ನಿರೆಂದು ಸಂತೆಯಲ್ಲೋ ಕಚೇರಿಯಲ್ಲೋ ಕರೆದು ಬರುವವರು ಬಡಿಸುವ ಕೆಲಸದ ಜೊತೆಗೆ ಮುಸುರೆ ತಿಕ್ಕುವ ಪಾಳಿಯನ್ನೂ ಹೊತ್ತುಕೊಂಡರೆ, ಮುಂದಿನ ಬಾರಿ ಎಷ್ಟು ಮಂದಿಯನ್ನು ಕರೆಯಬೇಕೆಂಬ ಲೆಕ್ಕ ತಾನಾಗಿಯೇ ಹದಕ್ಕೆ ಬರುತ್ತದೆ.