ಸಿಂಗಳೀಕಕ್ಕೆ ಮರದ ಕೊಂಬೆಯೇ ಹೆದ್ದಾರಿ

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಮಕ್ಕಳಿಗೆ ಮಂಗ, ಮುಸುವ ಹೊಸವಲ್ಲ. ಗುಡಿಯ ಮುಂದೆ ಕಾಯಿ ಕಸಿಯುತ್ತವೆ, ಮಾಳಿಗೆಯಿಂದ ಮಾಳಿಗೆಗೆ ಜಿಗಿಯುತ್ತವೆ. ಆದರೆ ಕರ್ನಾಟಕದಲ್ಲೇ ಇರುವ ಇನ್ನೊಂದು ಮಂಗಕ್ಕೆ ಈ ಬಯಲಿನ ಬಾಳು ಒಗ್ಗದು. ಅದೇ ಸಿಂಗಳೀಕ.

ಮೈಯೆಲ್ಲ ಹೊಳೆಯುವ ಕಪ್ಪು ಕೂದಲು, ಕರಿಮೋರೆಯ ಸುತ್ತ ಬೂದು ಕೇಸರ. ಕೇಸರದಿಂದಲೇ ಸಿಂಹದ ಹೆಸರು ಬಂತೆಂದು ಹಲವರು ತಿಳಿಯುತ್ತಾರೆ. ‘ಸಿಂಹಬಾಲದ ಕೋತಿ’ ಎನ್ನಲು ನಿಜವಾದ ಕಾರಣ ಬಾಲದ ತುದಿಯ ಕುಚ್ಚು. ಇದರ ವೈಜ್ಞಾನಿಕ ಹೆಸರು ಮಕಾಕ ಸೈಲೆನಸ್. ಪಶ್ಚಿಮ ಘಟ್ಟದ ಕರ್ನಾಟಕ, ಕೇರಳ, ತಮಿಳುನಾಡು ಭಾಗಗಳನ್ನು ಬಿಟ್ಟರೆ ಪ್ರಪಂಚದ ಬೇರಾವ ಕಾಡಿನಲ್ಲೂ ಇದಿಲ್ಲ. ಒಟ್ಟು ಸಂಖ್ಯೆ 4,000 ದಾಟದೆಂದು ಅಂದಾಜು.

ಇಷ್ಟು ಕಡಿಮೆ ಏಕೆ? ಸಿಂಗಳೀಕದ ಬದುಕು ಬಹುಪಾಲು ಮರದ ಮೇಲೆ. ಕೊಂಬೆಗೆ ಕೊಂಬೆ ತಾಗಿದ್ದರೆ ಮಾತ್ರ ಅದಕ್ಕೆ ಹಾದಿ. ನಡುವೆ ರಸ್ತೆ, ವಿದ್ಯುತ್ ಮಾರ್ಗ, ತೋಟ ಬಂದರೆ ಗುಂಪು ಒಂದು ತುಂಡು ಕಾಡಿನಲ್ಲೇ ಸಿಕ್ಕಿಬೀಳುತ್ತದೆ. ಹೆಣ್ಣು ಮೊದಲ ಮರಿ ಹಾಕುವುದು ಆರು ವರ್ಷದ ಸುಮಾರಿಗೆ. ಆಮೇಲೂ ಎರಡು-ಮೂರು ವರ್ಷಕ್ಕೊಂದೇ ಮರಿ. ಕಳೆದ ಸಂಖ್ಯೆ ಬೇಗ ತುಂಬುವುದಿಲ್ಲ.

ಶಿರಸಿ-ಹೊನ್ನಾವರದ ಕಾಡಿನಲ್ಲಿ ಇವುಗಳ ದೊಡ್ಡ ನೆಲೆಯಿದೆ. 2011ರಲ್ಲಿ ಅಲ್ಲಿ ಅಘನಾಶಿನಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು. 2019ರಲ್ಲಿ ಅದನ್ನೂ ಶರಾವತಿ ಕಣಿವೆಯನ್ನೂ ಕೂಡಿಸಿ ಸುಮಾರು 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯ ಮಾಡಲಾಯಿತು.

ಗಡಿ ಎಳೆದ ಮಾತ್ರಕ್ಕೆ ಕೆಲಸ ಮುಗಿಯದು. ಅಲ್ಲಿನ ಜನ ಉಪ್ಪಾಗೆ ಹಣ್ಣಿನ ಸಿಪ್ಪೆ ಒಣಗಿಸಿ ಮಾರುತ್ತಾರೆ. ಸಿಂಗಳೀಕಕ್ಕೂ ಅದೇ ಹಣ್ಣು ಬೇಕು. ಕಾಯಿ ಬಲಿಯುವ ಮೊದಲೇ ಕಿತ್ತು, ಟೊಂಗೆ ಕಡಿದರೆ ಇಬ್ಬರಿಗೂ ನಷ್ಟ. ಹಣ್ಣಾಗುವವರೆಗೆ ಕಾದು, ಒಂದಿಷ್ಟು ಮರದಲ್ಲೇ ಬಿಟ್ಟರೆ ಇಬ್ಬರಿಗೂ ಪಾಲು ಸಿಗುತ್ತದೆ. ಇದೇ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆ ರೂಪಿಸಿದ ಮೇಲೆ ವಾದ ಬಿಸಿಯೇರಿದೆ. ಕರೆಂಟು ಎಲ್ಲರಿಗೂ ಬೇಕು. ಆದರೆ ಕಡಿದ ಹಳೆಯ ಕಾಡನ್ನು ಸಸಿ ನೆಟ್ಟು ಹತ್ತಿಪ್ಪತ್ತು ವರ್ಷದಲ್ಲಿ ಮರಳಿ ಪಡೆಯಲಾಗದು.

ತಮಿಳುನಾಡಿನ ವಾಲ್ಪಾರೈಯಲ್ಲಿ ಸಿಂಗಳೀಕ ದಾಟಲೆಂದು ರಸ್ತೆಯ ಮೇಲೆ ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ದಾರೆ. ಅಷ್ಟು ದೊಡ್ಡ ಕೆಲಸ ಎಲ್ಲರಿಂದ ಆಗದಿರಬಹುದು. ಜೋಗಕ್ಕೆ ಶಾಲೆಯ ಪ್ರವಾಸ ಹೋದಾಗ ಬಸ್ಸಿನ ಕಿಟಕಿಯಿಂದ ಮಂಗಗಳಿಗೆ ಬಾಳೆಹಣ್ಣು, ಬಿಸ್ಕತ್ತು ಎಸೆಯದಿರುವುದು ಮಾತ್ರ ಎಲ್ಲರಿಂದಲೂ ಆದೀತು. ತಿಂಡಿಯ ಆಸೆಗೆ ರಸ್ತೆಗಿಳಿದ ಮಂಗ ಗಾಲಿಗೆ ಸಿಗುತ್ತದೆ.

ಸಿಂಗಳೀಕ ತಿಂದ ಹಣ್ಣಿನ ಬೀಜ ದೂರ ಬಿದ್ದು ಮೊಳೆಯುತ್ತದೆ, ಕಾಡು ಬೆಳೆಯುತ್ತದೆ. ಕಾಗವಾಡ, ಅಥಣಿಯ ಕಬ್ಬಿಗೆ ನೀರುಣಿಸುವ ಕೃಷ್ಣೆ, ನಿಪ್ಪಾಣಿ ಕಡೆಯ ವೇದಗಂಗೆ ಹುಟ್ಟುವುದೂ ಇದೇ ಸಹ್ಯಾದ್ರಿ ಸಾಲಿನಲ್ಲಿ. ಘಟ್ಟದ ಕಾಡಿನ ಚಿಂತೆ ಬಯಲು ಸೀಮೆಯವರದೂ ಹೌದು.