ಸೇಬಿನ ತಟ್ಟೆಯನ್ನು ಮೇಜಿನಿಂದ ಇಳಿಸಿದವರು ನಾವೇ

ಕಳೆದ ನವರಾತ್ರಿಯ ಒಂದು ಸಂಜೆ. ಆಂಟಾಪ್ ಹಿಲ್‌ನ ನಮ್ಮ ಕಾಲನಿಯಲ್ಲಿ ಹತ್ತಾರು ಕನ್ನಡ ಮನೆಗಳವರು ಒಟ್ಟುಗೂಡಿದ್ದೆವು. ಪ್ರತಿ ಮನೆಯಿಂದಲೂ ಒಂದು ಸಿಹಿ ಬರಬೇಕೆಂಬುದು ನಮ್ಮಲ್ಲಿ ಹಳೆಯ ಕಟ್ಟಳೆ. ಅನಾನಸು ಹಾಕಿದ ಕೇಸರಿಭಾತು ಬಂತು, ಹಯಗ್ರೀವ ಬಂತು, ಊರಿನಿಂದ ತರಿಸಿದ ಧಾರವಾಡ ಪೇಡೆಯ ಡಬ್ಬಿಯೂ ಬಂತು. ಇಲ್ಲಿಯೇ ಹುಟ್ಟಿ ಬೆಳೆದ ಕಾಲೇಜು ಹುಡುಗಿಯೊಬ್ಬಳು ಗಾಜಿನ ತಟ್ಟೆಯಲ್ಲಿ ಬಿಸಿಬಿಸಿಯಾದ ಸೇಬಿನ ಸಿಹಿಯೊಂದನ್ನು ತಂದಿಟ್ಟಳು. ಕೆಳಗೆ ಬೆಂದು ಮೆತ್ತಗಾದ ಸೇಬು, ಮೇಲೆ ತುಪ್ಪದಲ್ಲಿ ಕೆಂಪಗಾದ ಹಿಟ್ಟಿನ ಪುಡಿ, ಏಲಕ್ಕಿ-ದಾಲ್ಚಿನ್ನಿಯ ಪರಿಮಳ.

"ಇದೇನಮ್ಮ?" ಎಂದರು ಹಿರಿಯರೊಬ್ಬರು. "ಆಪಲ್ ಕ್ರಂಬಲ್, ಅಜ್ಜ. ಮೊಟ್ಟೆ ಹಾಕಿಲ್ಲ. ನಾನೇ ಮಾಡಿದ್ದು" ಎಂದಳು ಹುಡುಗಿ, ಅಚ್ಚ ಕನ್ನಡದಲ್ಲಿ. "ನಮ್ಮ ಹಬ್ಬಕ್ಕೆ ಇಂಗ್ಲಿಷರ ತಿಂಡಿ ಯಾಕೆ? ಆ ಕಡೆ ಇಡು" ಎಂದು ತೀರ್ಪಾಯಿತು. ತಟ್ಟೆ ಮೇಜಿನಿಂದ ಇಳಿದು ಕಿಟಕಿಯ ಮೂಲೆಗೆ ಹೋಯಿತು. ಅಲ್ಲಿದ್ದ ನಾವೆಲ್ಲರೂ ಸುಮ್ಮನಿದ್ದೆವು. ಈ ಲೇಖನ ಆ ಮೌನಕ್ಕೆ ಪ್ರಾಯಶ್ಚಿತ್ತ.

ಮೇಜಿನ ಮೇಲೆ ಉಳಿದ ಸಿಹಿಗಳನ್ನೇ ಮೊದಲು ವಿಚಾರಿಸೋಣ. ಅನಾನಸು ಯಾವ ಊರಿನದು? ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದಿಂದ ಬಂದದ್ದು. ಗೋಡಂಬಿಯೂ ಹಾಗೆಯೇ. ಆಲೂಗಡ್ಡೆಯೂ ಮೆಣಸಿನಕಾಯಿಯೂ ಅಲ್ಲಿಯವೇ. ಪರದೇಶಿ ಮೆಣಸಿನಕಾಯಿ ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರನ್ನೇ ಹೊತ್ತು, 2011ರಲ್ಲಿ ಭೌಗೋಳಿಕ ಸೂಚಕದ ಮುದ್ರೆಯನ್ನೂ ಪಡೆಯಿತು. ಇನ್ನು ಧಾರವಾಡ ಪೇಡೆ? ಪ್ಲೇಗಿನ ಕಾಲದಲ್ಲಿ ಉತ್ತರ ಪ್ರದೇಶದ ಉನ್ನಾವ್ ಬಿಟ್ಟು ಬಂದ ಠಾಕೂರ್ ಮನೆತನದ ಕೈರುಚಿ ಅದು. ವಲಸೆ ಬಂದವರ ಸಿಹಿಯನ್ನು ಧಾರವಾಡ ತನ್ನದೆಂದು ಎದೆಗಪ್ಪಿಕೊಂಡಿತು. ವಲಸೆ ಬಂದ ನಾವು ನಮ್ಮ ಮನೆಯ ಮಗಳ ಸಿಹಿಯನ್ನು ಕಿಟಕಿಗೆ ಸರಿಸಿದೆವು!

"ಬೇಕ್ ಮಾಡುವುದು ನಮ್ಮ ಪದ್ಧತಿಯಲ್ಲ" ಎಂಬುದು ಇನ್ನೊಂದು ಮಾತು. ತುಳುನಾಡಿನಿಂದ ಬಂದ ಬಂಧುಗಳು ದಯವಿಟ್ಟು ತಮ್ಮ ಅಜ್ಜಿಯ ಅಡಿಗೆಮನೆಯನ್ನು ನೆನಪಿಸಿಕೊಳ್ಳಲಿ. ಗೆಂಡದಡ್ಯೆಯನ್ನು ಹೇಗೆ ಮಾಡುತ್ತಿದ್ದರು? ಅಕ್ಕಿ, ಬೆಲ್ಲ, ತೆಂಗಿನಕಾಯಿಯ ಹಿಟ್ಟನ್ನು ಬಾಳೆಲೆ ಹಾಸಿದ ಪಾತ್ರೆಗೆ ಹೊಯ್ದು, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಇದು ಓವನ್ ಅಲ್ಲದೆ ಮತ್ತೇನು? ಮುಂಬಯಿಗೆ ಬಂದ ಮೇಲೆಯೂ ನಾವು ಬೆಂಕಿಯನ್ನು ಬಿಡಲಿಲ್ಲ. ದೀಪಾವಳಿ ಹತ್ತಿರವಾದಾಗ ತುಪ್ಪ, ಹಿಟ್ಟು, ಸಕ್ಕರೆಯ ಡಬ್ಬಿ ಹಿಡಿದು ಬೇಕರಿಯ ಭಟ್ಟಿಯ ಮುಂದೆ ಸರತಿ ನಿಂತು ನಾನ್‌ಖಟಾಯಿ ಸುಡಿಸಿಕೊಂಡು ಬಂದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಕುಕ್ಕರಿನಲ್ಲಿ ಮರಳು ಹಾಸಿ ಮಕ್ಕಳ ಹುಟ್ಟುಹಬ್ಬಕ್ಕೆ ಕೇಕ್ ಬೇಯಿಸಿದ ತಾಯಂದಿರು ಈ ಪುಟ ಓದುತ್ತಿದ್ದಾರೆ. ಅಂದು ಬಾರದ ಮೈಲಿಗೆ ಇಂದು ಎಲ್ಲಿಂದ ಬಂತು?

ಸೇಬು ಪರಕೀಯವೆಂದರೆ, ಇಂದು ನಾವು ಕೊಳ್ಳುವ ಹಿಮಾಚಲದ ಕೆಂಪು ಸೇಬಿನ ಕಥೆ ಕೇಳಿ. ಅಮೆರಿಕದ ಫಿಲಡೆಲ್ಫಿಯಾದಿಂದ ಬಂದು ಇಲ್ಲಿಯವರೇ ಆಗಿ, ಸತ್ಯಾನಂದ ಎಂದು ಹೆಸರು ಬದಲಿಸಿಕೊಂಡು, ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆವಾಸವನ್ನೂ ಅನುಭವಿಸಿದ ಸ್ಟೋಕ್ಸ್ ಅವರು 1916ರಲ್ಲಿ ಕೋಟಗಢದ ಗುಡ್ಡದಲ್ಲಿ ಅಮೆರಿಕದ ಸಸಿಗಳನ್ನು ನೆಟ್ಟರು. ಇಂದು ಅದನ್ನು ಪರದೇಶಿ ಎನ್ನುವ ಹಿಮಾಚಲಿ ಯಾರಿದ್ದಾನೆ? ಶರದೃತುವಿನಲ್ಲಿ ಆ ಸೇಬು ವಾಶಿಯ ಮಾರುಕಟ್ಟೆಗೆ ಬಂದು, ಅಲ್ಲಿಂದ ನಮ್ಮ ಬೀದಿಯ ಕೈಗಾಡಿಗೆ ಬರುತ್ತದೆ. ನಾವೋ ಅದನ್ನು ಆಸ್ಪತ್ರೆಗೆ ಒಯ್ಯುವ ಹಣ್ಣೆಂದು ಮಾತ್ರ ತಿಳಿದಿದ್ದೇವೆ. ಉಳಿದದ್ದು ಫ್ರಿಜ್ಜಿನ ಮೇಲೆ ಕುಳಿತು ಸುಕ್ಕುಗಟ್ಟುತ್ತದೆ.

ಕ್ರಂಬಲ್ ಇಂಗ್ಲಿಷರ ತಿಂಡಿ, ನಿಜ. ಆದರೆ ಅದು ದೊರೆಗಳ ತಿಂಡಿಯಲ್ಲ. 1940ರಲ್ಲಿ ಬ್ರಿಟನ್ನಿನಲ್ಲಿ ಬೆಣ್ಣೆ-ಸಕ್ಕರೆಗೆ ರೇಷನ್ ಬಂದ ಮೇಲೆ, ಇದ್ದಷ್ಟರಲ್ಲೇ ಮನೆಯವರಿಗೊಂದು ಸಿಹಿ ಮಾಡಲು ಗೃಹಿಣಿಯರು ಹಿಡಿದ ದಾರಿ ಅದು. ರೇಷನ್ ಕಾರ್ಡು ಹಿಡಿದು ಸಾಲಿನಲ್ಲಿ ನಿಂತ ನಮಗೆ ಅದರ ರುಚಿ ಅರ್ಥವಾಗದೆ ಮತ್ತಾರಿಗೆ ಅರ್ಥವಾಗಬೇಕು?

ಹಿರಿಯರ ಅಂಜಿಕೆ ನಮಗೆ ತಿಳಿಯದ್ದಲ್ಲ. ಪಾಲಿಕೆಯ ಕನ್ನಡ ಶಾಲೆಗಳ ತರಗತಿಗಳು ಬರಿದಾದುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಮನೆಯೊಳಗಿನ ಮಾತು ಹೋಯಿತು, ಇನ್ನು ಅಡಿಗೆಯೂ ಹೋದರೆ ಉಳಿಯುವುದೇನು ಎಂಬ ಸಂಕಟ ಸುಳ್ಳಲ್ಲ. ಆದರೆ ಸ್ವಾಮಿ, ಆ ದಿನ ಮೇಜಿನಿಂದ ಇಳಿದದ್ದು ಸೇಬಲ್ಲ, ಕನ್ನಡ ಮಾತಾಡುವ ಹುಡುಗಿ. ಅಂಗಡಿಯಿಂದ ಡಬ್ಬಿ ತಂದವರಿಗೆ ಮಾನ ಸಿಕ್ಕಿತು. ಎರಡು ಗಂಟೆ ಒಲೆಯ ಮುಂದೆ ನಿಂತವಳಿಗೆ ಅವಮಾನ ಸಿಕ್ಕಿತು. ದೀಪಾವಳಿಯ ಕೂಟಕ್ಕೆ ಅವಳು ಬರಲಿಲ್ಲ. "ಯುವಕರು ಸಂಘಕ್ಕೆ ಬರುವುದಿಲ್ಲ" ಎಂದು ಪ್ರತಿ ಸಭೆಯಲ್ಲಿ ನಿಟ್ಟುಸಿರು ಬಿಡುವ ನಾವು, ಬಂದವರನ್ನು ಹೇಗೆ ಕಳುಹಿಸುತ್ತೇವೆಂಬುದನ್ನು ಎಂದಾದರೂ ಯೋಚಿಸಿದ್ದೇವೆಯೇ?

ಮುಂಬಯಿ ನಮ್ಮ ಇಡ್ಲಿ-ದೋಸೆಗೆ "ಆ ಕಡೆ ಇಡು" ಎಂದಿದ್ದರೆ ಮಾಟುಂಗದ ಉಡುಪಿ ಹೋಟೆಲುಗಳು ಇರುತ್ತಿದ್ದವೇ? ಅಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರ ಮಕ್ಕಳು ನಾವು. ನಮ್ಮನ್ನು ಸಾಕಿದ ಔದಾರ್ಯವನ್ನು ನಾವು ಮರೆಯಬಾರದು.

ಆದುದರಿಂದ ನಮ್ಮ ಬೇಡಿಕೆ ಇಷ್ಟೆ. ಬರುವ ನವರಾತ್ರಿಗೆ ಸೇಬಿನ ತಟ್ಟೆ, ಗೆಂಡದಡ್ಯೆ ಎರಡೂ ಒಂದೇ ಮೇಜಿನ ಮೇಲೆ ಇರಲಿ. ಅಜ್ಜಿ ಹುಡುಗಿಗೆ ಅಡ್ಯೆ ಕಲಿಸಲಿ, ಹುಡುಗಿ ಅಜ್ಜಿಗೆ ಓವನ್ ಕಲಿಸಲಿ. ಇಬ್ಬರ ನಡುವೆ ಓಡಾಡುವ ಮಾತು ಕನ್ನಡವಾಗಿದ್ದರೆ ಸಾಕು.

ಮೊದಲ ಹೆಜ್ಜೆಯಾಗಿ ಅವಳ ಮನೆಗೆ ಹೋಗಿ, ತಪ್ಪಾಯಿತೆಂದು ಹೇಳಿ, ಕೇಳಿ ಬರೆದುಕೊಂಡು ಬಂದ ವಿಧಾನ ಇದು: ಐದು ಸೇಬನ್ನು ಹೋಳು ಮಾಡಿ, ಅರ್ಧ ನಿಂಬೆಯ ರಸ, ಮೂರು ಚಮಚ ಬೆಲ್ಲದ ಪುಡಿ, ಚಿಟಿಕೆ ದಾಲ್ಚಿನ್ನಿ ಕಲಸಿ ತಟ್ಟೆಗೆ ಹರಡಿ. ಒಂದು ಲೋಟ ಗೋಧಿಹಿಟ್ಟು, ಅರ್ಧ ಲೋಟ ಚಿರೋಟಿ ರವೆ, ಅರ್ಧ ಲೋಟ ಬೆಲ್ಲದ ಪುಡಿ, ಏಲಕ್ಕಿಗೆ ಅರ್ಧ ಲೋಟ ಗಟ್ಟಿ ತುಪ್ಪ ಸೇರಿಸಿ ಬೆರಳ ತುದಿಯಲ್ಲಿ ಉದುರುದುರಾಗಿ ಉಜ್ಜಿ, ಸೇಬಿನ ಮೇಲೆ ಉದುರಿಸಿ. 180 ಡಿಗ್ರಿಯಲ್ಲಿ ಸುಮಾರು 40 ನಿಮಿಷ, ಅಂಚಿನಲ್ಲಿ ರಸ ಕುದಿದು ಮೇಲ್ಭಾಗ ಕೆಂಪಾಗುವ ತನಕ. ಬಿಸಿ ಇರುವಾಗಲೇ ಬಡಿಸಿ, ಮೊದಲ ಪಾಲು ಮಾಡಿದವಳಿಗೆ.