ಮೇಜು ಯಾರದು?



ಹೋದ ರಾಜ್ಯೋತ್ಸವದ ವೇದಿಕೆಗೆ ಕಾಗದದ ಹೂವು, ತೋರಣ ಮಾಡಲು ನಿಮ್ಮಲ್ಲಿ ಐದಾರು ಜನ ನಮ್ಮ ಶೋಳಿಂಗನಲ್ಲೂರಿನ ಮನೆಗೆ ಬಂದಿದ್ದಿರಿ. ನೆನಪಿದೆಯಲ್ಲ? ಕತ್ತರಿ ಎಲ್ಲಿ, ಗೋಂದು ಎಲ್ಲಿ ಎಂದು ಯಾರೂ ಕೇಳಬೇಕಾಗಲಿಲ್ಲ, ಎಲ್ಲ ಕಣ್ಣೆದುರಿಗೇ ಇತ್ತು. ಹೊರಡುವಾಗ ನಿಮ್ಮಲ್ಲೊಬ್ಬಳು (ಹೆಸರು ಬರೆದರೆ ಜಗಳಕ್ಕೆ ಬರುತ್ತಾಳೆ) ಚಪ್ಪಲಿ ಹಾಕಿಕೊಳ್ಳುತ್ತ, "ಆಂಟಿ, ನನಗೂ ಇಂಥದ್ದೊಂದು ಮೂಲೆ ಬೇಕು. ಆದ್ರೆ ನಮ್ಮದು ಎರಡು ಬೆಡ್‌ರೂಮಿನ ಫ್ಲಾಟು, ಅಜ್ಜಿ ಬೇರೆ ಇದ್ದಾರೆ. ಜಾಗ ಎಲ್ಲಿಂದ ತರಲಿ?" ಎಂದು ಕೇಳಿದಳು. ಅವಳು ಕ್ರೋಷಾ ಹೆಣೆಯುತ್ತಾಳೆ, ಚೆನ್ನಾಗಿಯೇ ಹೆಣೆಯುತ್ತಾಳೆ. ಅರ್ಧಕ್ಕೆ ನಿಂತ ನಾಲ್ಕು ಚೀಲಗಳು ಮಂಚದ ಕೆಳಗೆ ಇವೆಯಂತೆ. ಅಷ್ಟರಲ್ಲಿ ಲಿಫ್ಟ್ ಬಂದುಬಿಟ್ಟಿತು. ಅಂದು ಕೊಡಲಾಗದ ಉತ್ತರವನ್ನು ಈ ತಿಂಗಳ ಅಂಕಣದಲ್ಲಿ ಬರೆಯುತ್ತಿದ್ದೇನೆ.

ಮಂಚದ ಕೆಳಗೆ ಎಂಬ ಮಾತು ಕೇಳಿದಾಗ ನನಗೆ ಎದೆ ಝಲ್ಲೆಂದಿತು. ಯಾಕೆಂದು ಹೇಳುತ್ತೇನೆ.

ನನ್ನ ಅವ್ವ ಧಾರವಾಡದವಳು. ಕಸೂತಿ ಹಾಕುತ್ತಿದ್ದಳು. ನೀವು ಮಾಲ್‌ಗಳಲ್ಲಿ ಯಂತ್ರದಲ್ಲಿ ಹೊಲಿದ ಕಸೂತಿಯ ಕುರ್ತಾ ನೋಡಿರಬಹುದು. ಅದನ್ನು ಹಾಗೇ ತಿರುಗಿಸಿ ಹಿಂಬದಿ ನೋಡಿ, ದಾರದ ಜಂಜಾಟ ಕಾಣುತ್ತದೆ. ಕೈಯಿಂದ ಹಾಕಿದ ನಿಜವಾದ ಕಸೂತಿಗೆ ಹಿಂಬದಿಯಲ್ಲಿ ಗಂಟು ಇರುವುದಿಲ್ಲ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಳ್ಳುವುದೂ ಇಲ್ಲ. ನೇಯ್ಗೆಯ ಎಳೆಗಳನ್ನು ಕಣ್ಣಲ್ಲೇ ಎಣಿಸಿ ಸೂಜಿ ಚುಚ್ಚಬೇಕು. ಗಾವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಗಾವಂತಿಯಲ್ಲಿ ಸೂಜಿ ಮುಂದಕ್ಕೆ ಹೋಗುವಾಗ ಒಂದು ಬಿಟ್ಟು ಒಂದು ಮನೆ ತುಂಬುತ್ತದೆ. ಬಂದ ದಾರಿಯಲ್ಲೇ ಹಿಂದಿರುಗುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಆದ್ದರಿಂದಲೇ ಎರಡೂ ಬದಿ ಒಂದೇ ತರಹ ಕಾಣುವುದು. ಗೋಪುರ, ತೇರು, ತುಳಸಿ ಕಟ್ಟೆ, ಅಂಬಾರಿ ಹೊತ್ತ ಆನೆ ಎಲ್ಲವೂ ಹೀಗೆ ಹೋಗಿ ಬಂದೇ ಆಗಬೇಕು. ನಾನು ಹಾಕಿದ್ದನ್ನು ತೋರಿಸಿದರೆ ಅವ್ವ ಮುಂದಿನ ಭಾಗ ನೋಡುತ್ತಲೇ ಇರಲಿಲ್ಲ. "ಹಿಂದ ಹೊಳ್ಳಿಸಿ ತೋರ್ಸವ್ವಾ" ಎನ್ನುತ್ತಿದ್ದಳು.

ಈಗ ಯೋಚಿಸಿ. ಹೋಗುವ ದಾರಿ ಮುಗಿದಿದೆ, ಬರುವ ದಾರಿ ಬಾಕಿ ಇದೆ, ಅಷ್ಟರಲ್ಲಿ ಯಾರೋ ಬಂದರು, ಚಹಾ ಆಗಬೇಕು. ಅವ್ವ ಪಡಸಾಲೆಯಲ್ಲಿ ಕಿಟಕಿಯ ಪಕ್ಕ ಕೂತಿರುತ್ತಿದ್ದಳು. ಬಟ್ಟೆ ಮಡಚಿ, ದಾರ ಸುತ್ತಿ, ಟ್ರಂಕಿನಲ್ಲಿ ಹಾಕಿ ಏಳುತ್ತಿದ್ದಳು. ಮತ್ತೆ ತೆಗೆಯುವುದು ನಾಳೆ, ಇಲ್ಲವೇ ನಾಲ್ಕು ದಿನದ ಮೇಲೆ. ಸೂಜಿ ಎಲ್ಲಿಂದ ತಿರುಗಬೇಕಿತ್ತು ಎಂದು ಹುಡುಕುವುದರಲ್ಲೇ ಆ ಮಧ್ಯಾಹ್ನದ ಅರ್ಧ ಗಂಟೆ ಹೋಗುತ್ತಿತ್ತು. ಅಪ್ಪನ ಲೆಕ್ಕದ ಪುಸ್ತಕಗಳು ಮಾತ್ರ ಮೇಜಿನ ಮೇಲೆ ತೆರೆದೇ ಇರುತ್ತಿದ್ದವು. ಅವನ್ನು ಯಾರೂ ಮುಟ್ಟುವಂತಿರಲಿಲ್ಲ. ಇದು ಸರಿಯೇ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಅವ್ವನೂ ಕೇಳಲಿಲ್ಲ.

1993ರಲ್ಲಿ ಮದುವೆಯಾಗಿ ಮದ್ರಾಸಿಗೆ ಹೊರಟಾಗ ಅವ್ವ ನನ್ನ ಪೆಟ್ಟಿಗೆಯಲ್ಲಿ ಒಂದು ತುಂಡು ಬಟ್ಟೆ ಇಟ್ಟಳು. ಕರಿಯ ನೆಲದ ಮೇಲೆ ಕೆಂಪು, ಬಿಳಿ, ಹಸಿರು ದಾರದಲ್ಲಿ ಒಂದು ಪೂರ್ತಿ ಗೋಪುರ, ಇನ್ನೊಂದು ಅರ್ಧ. ಅರ್ಧ ಗೋಪುರದಲ್ಲಿ ಸೂಜಿ ಇನ್ನೂ ಸಿಕ್ಕಿಕೊಂಡಿತ್ತು. "ಮುಗಸ್ಕೋ" ಎಂದಳು, ಅಷ್ಟೇ. ನಾನು ಅದನ್ನು ಪತ್ರಿಕೆಯ ಕಾಗದದಲ್ಲಿ ಸುತ್ತಿ, ಮಂಚದ ಕೆಳಗೆ ಟ್ರಂಕಿನಲ್ಲಿಟ್ಟೆ. ಜಾಗ ಆದಮೇಲೆ ಮುಗಿಸೋಣ ಎಂದುಕೊಂಡೆ. ಬಾಡಿಗೆ ಮನೆಗಳು ಬದಲಾದವು, ಮಗ ಹುಟ್ಟಿದ, ಶಾಲೆಗೆ ಹೋದ, 2009ರಲ್ಲಿ ಅವ್ವ ತೀರಿಕೊಂಡಳು. ಟ್ರಂಕು ಮಂಚದ ಕೆಳಗೇ ಇತ್ತು.

2015ರ ಡಿಸೆಂಬರಿನ ಮಳೆ ನಿಮಗೆಲ್ಲ ನೆನಪಿರಬೇಕು. ಆಗ ನಾವಿದ್ದದ್ದು ಇಲ್ಲೇ ಹತ್ತಿರ, ನೆಲಮಟ್ಟದ ಮನೆಯಲ್ಲಿ. ನೀರು ಮೊಣಕಾಲಿನವರೆಗೆ ಬಂತು. ನಾವು ಮೇಲಿನ ಮನೆಯವರ ಬಳಿ ಎರಡು ರಾತ್ರಿ ಕಳೆದೆವು. ಹೊರಡುವಾಗ ಕೈಗೆ ಸಿಕ್ಕಿದ್ದು ಪಾಸ್‌ಪೋರ್ಟು, ಸರ್ಟಿಫಿಕೇಟು, ಮಗನ ಲ್ಯಾಪ್‌ಟಾಪು. ಇಳಿದು ಬಂದು ಟ್ರಂಕು ತೆರೆದಾಗ ಪತ್ರಿಕೆಯ ಕಾಗದ ಮುದ್ದೆಯಾಗಿ ಬಟ್ಟೆಗೆ ಅಂಟಿತ್ತು. ಕೆಂಪು ದಾರ ಬಣ್ಣ ಬಿಟ್ಟು ಬಿಳಿಯ ದಾರವೆಲ್ಲ ಗುಲಾಬಿಯಾಗಿತ್ತು. ಸೂಜಿ ತುಕ್ಕು ಹಿಡಿದು ಅಲ್ಲೇ ಕಂದು ಕಲೆ ಮಾಡಿತ್ತು. ಮಳೆಯನ್ನು ಬೈಯುವುದು ಸುಲಭ. ಆದರೆ ಇಪ್ಪತ್ತೆರಡು ವರ್ಷ ಅದನ್ನು ಮಂಚದ ಕೆಳಗಿಟ್ಟವಳು ನಾನು.

ನಾನು ಇಂಗ್ಲಿಷ್ ಬಿ.ಎ. ಓದುವಾಗ ವರ್ಜೀನಿಯಾ ವುಲ್ಫ್ 1929ರಲ್ಲಿ ಪ್ರಕಟಿಸಿದ 'ಎ ರೂಮ್ ಆಫ್ ಒನ್ಸ್ ಓನ್' ಓದಿದ್ದೆ. ಬರೆಯುವ ಹೆಣ್ಣಿಗೆ ವರ್ಷಕ್ಕೆ ಐನೂರು ಪೌಂಡ್ ಮತ್ತು ಬೀಗ ಇರುವ ಒಂದು ಕೋಣೆ ಬೇಕು ಎಂಬುದು ಅದರ ವಾದ. ಪರೀಕ್ಷೆಯಲ್ಲಿ ಚೆನ್ನಾಗಿಯೇ ಉತ್ತರ ಬರೆದೆ, ಅಂಕವೂ ಬಂತು. ಓ.ಎಂ.ಆರ್.ನಲ್ಲಿ ಇನ್ನೊಂದು ಕೋಣೆಯ ಬೆಲೆ ಏನೆಂದು ವುಲ್ಫ್ ಅವರಿಗೆ ಗೊತ್ತಿರಲಿಲ್ಲ ಬಿಡಿ. ಕೋಣೆ ಬೇಡ ಮಕ್ಕಳೇ. ಅರ್ಧ ಆದ ಕೆಲಸ ಅರ್ಧ ಆದಂತೆಯೇ, ಯಾರೂ ಮುಟ್ಟದೆ, ನಾಳೆಯವರೆಗೆ ಇರುವ ಒಂದು ಜಾಗ ಸಾಕು. ನಮ್ಮ ಹುಡುಗಿಗೆ ನಾನು ಹೇಳಬೇಕೆಂದಿದ್ದದ್ದು ಇದೇ.

ಚಿಕ್ಕ ಮನೆಯಲ್ಲಿ ಅದನ್ನು ಹೀಗೆ ಮಾಡಬಹುದು. ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಒಂದು ಹಲಗೆ ಮಾಡಿಸಿ, ಸುತ್ತಲೂ ಬೆರಳಿನಷ್ಟು ಎತ್ತರದ ಪಟ್ಟಿ ಹೊಡೆಸಿ. ಊಟದ ಮೇಜಿನ ಮೇಲೋ ನೆಲದ ಮೇಲೋ ಈ ಹಲಗೆಯಲ್ಲೇ ಕೆಲಸ ಮಾಡಿ. ಊಟದ ಹೊತ್ತಾದರೆ ಏನನ್ನೂ ಮಡಚಬೇಡಿ, ಹಲಗೆಯನ್ನೇ ಎತ್ತಿ ಬೀರುವಿನ ಮೇಲೆ ಇಡಿ. ಎಲ್ಲಿ ನಿಲ್ಲಿಸಿದಿರಿ, ಎಷ್ಟನೆಯ ಸಾಲು ಎಂದು ಒಂದು ಚೀಟಿಯಲ್ಲಿ ಬರೆದು ಅದರ ಮೇಲಿಡಿ. ಗೋಡೆ ಸ್ವಂತದ್ದಾದರೆ, ಕೀಲು ಹಾಕಿ ಮಡಚುವ ಮೇಜು ಮಾಡಿಸಬಹುದು. ನನ್ನದು ಮೂರಡಿ ಉದ್ದದ್ದು. ಬಡಗಿಯವರಿಗೆ ನೀರು ತಡೆಯುವ ಪ್ಲೈವುಡ್ಡೇ ಬೇಕೆಂದು ಹೇಳಿ. ಅಗ್ಗದ ಮರಪುಡಿಯ ಹಲಗೆ ನಮ್ಮೂರಿನ ಹವೆಗೆ ಅವಲಕ್ಕಿಯ ಹಾಗೆ ಉಬ್ಬುತ್ತದೆ.

ಈ ಹವೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ವಿದೇಶದ ಪುಸ್ತಕಗಳಲ್ಲಿ ಚಂದದ ಕೋಣೆಗಳ ಚಿತ್ರ ಇರುತ್ತದೆ, ಗೋಡೆ ತುಂಬ ತೆರೆದ ಕಪಾಟು, ಅದರಲ್ಲಿ ಬಣ್ಣಬಣ್ಣದ ಉಣ್ಣೆಯ ಉಂಡೆ. ನಮಗೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಪಳ್ಳಿಕರಣೈ ಜೌಗು, ನಡುವೆ ಮೆಟ್ರೋ ಕೆಲಸ ಶುರುವಾದಾಗಿನಿಂದ ಧೂಳು. ತೆರೆದಿಟ್ಟರೆ ಧೂಳು ಕೂರುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಒಳಗೇ ಬೆವರಿ ಬೂಸು ಹಿಡಿಯುತ್ತದೆ. ಬಟ್ಟೆಗೆ, ದಾರಕ್ಕೆ ಒಗೆದು ಮೆತ್ತಗಾದ ಹಳೆಯ ಪಂಚೆಯ ತುಂಡು ಸುತ್ತಿ. ನಡುವೆ ಒಣಗಿದ ಬೇವಿನ ಎಲೆ ಹಾಕಿ. ಪತ್ರಿಕೆಯ ಕಾಗದ ಮಾತ್ರ ಬೇಡ. ಹೊಸ ಷೂ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ, ಮಕ್ಕಳ ಕೈಗೆ ಸಿಗದ ಹಾಗೆ, ಕತ್ತರಿಯ ಡಬ್ಬಿಯಲ್ಲಿ ಹಾಕಿ. ಅವ್ವನ ಸೂಜಿದಿಂಬಿನೊಳಗೆ ತಲೆ ಬಾಚುವಾಗ ಉದುರಿದ ಕೂದಲು ತುಂಬಿರುತ್ತಿತ್ತು. ಚಿಕ್ಕವಳಿದ್ದಾಗ ನನಗೆ ಅಸಹ್ಯವಾಗುತ್ತಿತ್ತು. ಕೂದಲಿನ ಎಣ್ಣೆ ಸೂಜಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ ಎಂದು ಆಮೇಲೆ ಗೊತ್ತಾಯಿತು. ನಿಮಗೂ ಅಸಹ್ಯವಾದರೆ ಸಣ್ಣ ಬಾಟಲಿಯಲ್ಲಿ ಟಾಲ್ಕಂ ಪೌಡರ್ ಹಾಕಿ ಸೂಜಿ ಇಡಿ.

ಡಬ್ಬಿಗಳಿಗೆ ದುಡ್ಡು ಸುರಿಯಬೇಡಿ. ಮಣಿ, ಗುಂಡಿಗಳಿಗೆ ಹಳೆಯ ಒಗ್ಗರಣೆ ಡಬ್ಬಿಗಿಂತ ಒಳ್ಳೆಯದು ನಾನು ಕಂಡಿಲ್ಲ, ಏಳು ಬಟ್ಟಲು, ಒಂದೇ ಮುಚ್ಚಳ. ಬಣ್ಣ ಕಲಸಲು ಇಡ್ಲಿ ತಟ್ಟೆ (ಅಡುಗೆಮನೆಗೆ ವಾಪಸು ಹೋಗದ ಹಳೆಯದು). ಬಟ್ಟೆ ಕತ್ತರಿಸುವ ಕತ್ತರಿಯಿಂದ ಕಾಗದ ಕತ್ತರಿಸಿದರೆ ಅದು ಮೊಂಡಾಗುತ್ತದೆ. ಅದಕ್ಕೇ ನನ್ನ ಬಟ್ಟೆಯ ಕತ್ತರಿಗಳ ಹಿಡಿಗೆ ಕೆಂಪು ದಾರ ಕಟ್ಟಿದ್ದೇನೆ.

ಬೆಳಕು ಮುಖ್ಯ. ಬಲಗೈಯವರಿಗೆ ಎಡಗಡೆಯಿಂದ, ಎಡಚರಿಗೆ ಬಲಗಡೆಯಿಂದ ಬರಬೇಕು, ಇಲ್ಲದಿದ್ದರೆ ಕೈಯ ನೆರಳು ಸೂಜಿಯ ಮೇಲೇ ಬೀಳುತ್ತದೆ. ಬಣ್ಣ ಹೊಂದಿಸುವ ಕೆಲಸ ಹಗಲಿನಲ್ಲೇ ಮಾಡಿ. ಒಮ್ಮೆ ಸೌಕಾರ್‌ಪೇಟೆಯ ಅಂಗಡಿಯ ದೀಪದಡಿ ಕುಂಕುಮದ ಬಣ್ಣವೆಂದು ತಂದ ದಾರ ಮನೆಯ ಕಿಟಕಿಯಲ್ಲಿ ಇಟ್ಟಿಗೆಯ ಬಣ್ಣವಾಗಿತ್ತು. ಗೋಡೌನ್ ಸ್ಟ್ರೀಟಿಗೆ ಬಟ್ಟೆಗೆ ಹೋದರೂ ತುಂಡನ್ನು ಬೀದಿಯ ಬೆಳಕಿಗೆ ತಂದು ನೋಡಿಯೇ ಕೊಳ್ಳಿ, ಅಂಗಡಿಯವರು ಬೇಡ ಎನ್ನುವುದಿಲ್ಲ.

ಇಷ್ಟೆಲ್ಲ ಜೋಡಿಸಿಕೊಂಡ ಮೇಲೂ ಮೇಜು ಕೈತಪ್ಪಬಹುದು. ನನಗೆ ಹಾಗೇ ಆಯಿತು. ಈ ಫ್ಲಾಟಿಗೆ ಬಂದ ಮೇಲೆ 2018ರಲ್ಲಿ ಆಸೆಪಟ್ಟು ಮಾಡಿಸಿದ ಮೇಜು 2020ರ ಮಾರ್ಚಿನಲ್ಲಿ ಮಗನ ಆಫೀಸಾಯಿತು. "ಅಮ್ಮಾ, ಎರಡು ವಾರ ಅಷ್ಟೇ" ಅಂದ. ಎರಡು ವರ್ಷ ಆಯಿತು. ಲಾಕ್‌ಡೌನಿನಲ್ಲಿ ಅದು ನ್ಯಾಯವೇ, ಅವನ ಸಂಬಳದಲ್ಲೇ ಮನೆಯ ಕಂತು ನಡೆಯುತ್ತಿತ್ತು. ನನ್ನ ದಾರದ ಡಬ್ಬಿಗಳು ಮೊದಲು ಕುರ್ಚಿಯ ಮೇಲೆ, ಆಮೇಲೆ ನೆಲಕ್ಕೆ, ಕೊನೆಗೆ ಎಲ್ಲಿಗೆ ಬಂದವು ಹೇಳಿ ನೋಡೋಣ? ಮಂಚದ ಕೆಳಗೆ. ಕಂಪನಿ ಮತ್ತೆ ಆಫೀಸಿಗೆ ಕರೆದ ಮೇಲೂ ಅವನ ಎರಡು ಮಾನಿಟರ್ ಮೇಜಿನ ಮೇಲೆ ಹಾಗೇ ಕೂತಿದ್ದವು. ನಾನು ಆರು ತಿಂಗಳು ಸುಮ್ಮನಿದ್ದೆ. ಒಂದು ದಿನ ಡಬ್ಬಿ ಎಳೆಯಲು ಬಗ್ಗಿದಾಗ ಅವ್ವನ ಟ್ರಂಕು ನೆನಪಾಯಿತು. ರಾತ್ರಿ ಊಟಕ್ಕೆ ಬಡಿಸುತ್ತ, "ಆ ಮೇಜು ನನ್ನದು, ಭಾನುವಾರದೊಳಗೆ ಬಿಡು" ಎಂದೆ. ಅವನು ಗಾಬರಿಯಾದ. "ಹೇಳಿದ್ದರೆ ಆವತ್ತೇ ತೆಗೀತಿದ್ದೆನಲ್ಲಮ್ಮ!" ಎಂದ. ನಿಜವೇ. ನಾನು ಹೇಳಿರಲಿಲ್ಲ.

ಇದನ್ನು ಹುಡುಗರೂ ಓದಿ. ನಿಮ್ಮ ಮನೆಯಲ್ಲಿ ಅಮ್ಮನ ಕೆಲಸ ಎಲ್ಲಿದೆ ಎಂದು ಒಮ್ಮೆ ಹುಡುಕಿ ನೋಡಿ.

ಕೈಕೆಲಸವೆಂದರೆ ಬಿಡುವಿನ ಹವ್ಯಾಸ, ಅದಕ್ಕೇಕೆ ಇಷ್ಟು ರಂಪ ಎನ್ನುವವರು ನಮ್ಮ ನೆರೆಯಲ್ಲೇ ಇರುವ ಚೋಳಮಂಡಲಕ್ಕೆ ಹೋಗಿ ಬನ್ನಿ. ಶೋಳಿಂಗನಲ್ಲೂರಿನ ವೃತ್ತದಿಂದ ಪೂರ್ವಕ್ಕೆ ಅಕ್ಕರೈ, ಅಲ್ಲಿಂದ ಇ.ಸಿ.ಆರ್.ನಲ್ಲಿ ಉತ್ತರಕ್ಕೆ ತಿರುಗಿದರೆ ಇಂಜಂಬಾಕ್ಕಂ. ಮದ್ರಾಸಿನ ಕಲಾ ಶಾಲೆಯ ಪ್ರಿನ್ಸಿಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಅವರ ಶಿಷ್ಯರು 1966ರಲ್ಲಿ ಅಲ್ಲಿ ಕಲಾವಿದರ ಗ್ರಾಮ ಕಟ್ಟಿದರು. ಚಿತ್ರ ಬರೆದು ಹೊಟ್ಟೆ ತುಂಬುವ ಕಾಲ ಅದಲ್ಲ. ಬಾಟಿಕ್ ಬಟ್ಟೆ, ಲೋಹದ ಕೆಲಸದಂಥ ಕರಕುಶಲ ವಸ್ತುಗಳನ್ನು ಮಾಡಿ ಮಾರಿದರು, ಆ ದುಡ್ಡಿನ ಬಲದಿಂದ ತಮಗೆ ಬೇಕಾದ ಚಿತ್ರ ಬರೆದರು. ಅವರಲ್ಲಿ ನಮ್ಮವರೂ ಇದ್ದರು, ಮೈಸೂರಿನಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್. ಅನಂತಮೂರ್ತಿಯವರ 'ಸಂಸ್ಕಾರ' 1970ರಲ್ಲಿ ಚಲನಚಿತ್ರವಾದಾಗ ಅದಕ್ಕೆ ಕಲಾ ನಿರ್ದೇಶಕರಾಗಿದ್ದವರು ಅವರೇ. ನೀವು ದಿನಾ ಕ್ಯಾಬಿನಲ್ಲಿ ಹೋಗುವ ದಾರಿಯ ಪಕ್ಕದಲ್ಲೇ ಒಬ್ಬ ಕನ್ನಡಿಗ ಬಾಟಿಕ್ ಮಾಡುತ್ತ, ತಾಮ್ರದ ತಗಡು ಬಡಿಯುತ್ತ ಬದುಕು ಕಟ್ಟಿದ್ದ ಎಂಬುದು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ಅಕ್ಕರೈಯಿಂದ ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿದರೆ ಮುಟ್ಟುಕಾಡಿನ ದಕ್ಷಿಣಚಿತ್ರ. 1996ರಲ್ಲಿ ತೆರೆದದ್ದು. ಕರ್ನಾಟಕದ ಭಾಗದಲ್ಲಿ ಇಳಕಲ್ಲಿನ ನೇಕಾರರ ಮನೆ ಇದೆ, ತಪ್ಪದೆ ನೋಡಿ. ಇಳಕಲ್ಲಿನ ಕಡೆ ಗುಂಡಿ ಮಗ್ಗವೆಂದರೆ ನೆಲದಲ್ಲಿ ಗುಂಡಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವುದು. ಆ ಮಗ್ಗವನ್ನು ನೆಂಟರು ಬಂದರೆಂದು ಎತ್ತಿಡಲು ಬರುವುದಿಲ್ಲ. ನೆಂಟರೇ ಸುತ್ತಿಕೊಂಡು ಒಳಗೆ ಹೋಗಬೇಕು.

ಇನ್ನು ನಮ್ಮ ಕ್ರೋಷಾ ಹುಡುಗಿಗೆ ಒಂದು ಮಾತು. ಅಜ್ಜಿ ಇರುವುದರಿಂದ ಜಾಗವಿಲ್ಲ ಎಂದೆಯಲ್ಲ, ಆ ಅಜ್ಜಿಯನ್ನೇ ಕೇಳು. ನಿಮ್ಮಜ್ಜಿ ಗದಗದ ಕಡೆಯವರು, ಕೌದಿ ಹೊಲಿಯದೆ ದೊಡ್ಡವರಾಗಿರಲಾರರು. ಅವರ ಮಂಚದ ಪಕ್ಕದ ಕಿಟಕಿಯಲ್ಲಿ ಬೆಳಗಿನ ಬೆಳಕು ಚೆನ್ನಾಗಿ ಬರುತ್ತದೆ, ನಾನು ನೋಡಿದ್ದೇನೆ. ಹಲಗೆಯನ್ನು ಅಲ್ಲಿಟ್ಟರೆ ಅವರು ಕಾಯುತ್ತಾರೆ, ಯಾರೂ ಮುಟ್ಟುವುದಿಲ್ಲ. ಬರುವ ಭಾನುವಾರ ನಾಲ್ಕು ಗಂಟೆಗೆ ನಾನೇ ಬರುತ್ತೇನೆ, ಅಳತೆ ತೆಗೆಯೋಣ. ನಾಲ್ಕು ಚೀಲಗಳನ್ನೂ ಮಂಚದ ಕೆಳಗಿನಿಂದ ತೆಗೆದಿಟ್ಟಿರು.

ಅವ್ವನ ಬಟ್ಟೆ ಈಗ ನನ್ನ ಮೇಜಿನ ಮೇಲಿದೆ. ಗುಲಾಬಿಯಾದ ದಾರ ಹಾಗೇ ಇರಲಿ ಎಂದು ಬಿಟ್ಟಿದ್ದೇನೆ, ಹೊಸ ಬಿಳಿ ದಾರದಲ್ಲಿ ಎರಡನೆಯ ಗೋಪುರ ಮುಂದುವರಿಸುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ಎಳೆ ಎಣಿಸಬೇಕು, ದಿನಕ್ಕೆ ಒಂದಂಗುಲವೂ ಸಾಗುವುದಿಲ್ಲ. ಹೋಗುವ ದಾರಿ ಕಳಸದವರೆಗೆ ಬಂದಿದೆ.

ಹಾಂ, ರಾಜ್ಯೋತ್ಸವದ ದಿನ ನನ್ನ ಸಣ್ಣ ಕತ್ತರಿಯನ್ನು ನಿಮ್ಮಲ್ಲಿ ಯಾರೋ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೀರಿ. ಹಿಡಿಗೆ ಕೆಂಪು ದಾರ ಇದೆ. ಮುಂದಿನ ಸಭೆಗೆ ತನ್ನಿ, ಯಾರೆಂದು ಕೇಳುವುದಿಲ್ಲ.